ಹಸಿರು ಸಮುದ್ರ

ಸಮಾಜ ವಿಜ್ಞಾನದ ಮೇಷ್ಟರಾಗಿದ್ದ ನನಗೆ ಭೂಪಟ ತಿದ್ದುವಾಗ ತುಸು ಹೆಚ್ಚೇ ಕಟ್ಟುನಿಟ್ಟು. ಸಮುದ್ರಕ್ಕೆ ನೀಲಿ, ಬಯಲಿಗೆ ಹಸಿರು. ತಪ್ಪಿದರೆ ಅಂಕ ಕಡಿತ. ಎಂಟನೆಯ ತರಗತಿಯ ಹುಡುಗನೊಬ್ಬ ಅರಬ್ಬೀ ಸಮುದ್ರಕ್ಕೆ ಪದೇ ಪದೇ ಹಸಿರು ಬಳಿಯುತ್ತಿದ್ದ. ಉಡಾಫೆಯೆಂದು ಭಾವಿಸಿ ಎಲ್ಲರೆದುರು ಗದರಿಸಿದೆ. "ಎರಡೂ ಒಂದೇ ಥರ ಕಾಣುತ್ತೆ ಸಾರ್" ಎಂದು ತಲೆ ತಗ್ಗಿಸಿದ. ಅವನು ಮೂರ್ಛೆರೋಗಕ್ಕೆ ದಿನವೂ ಮಾತ್ರೆ ನುಂಗುತ್ತಿದ್ದುದು ನನಗೆ ತಿಳಿದಿತ್ತು. ಮಾತ್ರೆಗೂ ಬಣ್ಣಕ್ಕೂ ನಂಟಿರಬಹುದೆಂಬುದು ತಿಳಿದಿರಲಿಲ್ಲ.

ನಿವೃತ್ತಿಯ ನಂತರದ ಓದು ಅದನ್ನು ತಿಳಿಸಿತು. ಫೆನಿಟಾಯಿನ್, ಕಾರ್ಬಮಜೆಪಿನ್, ವಾಲ್ಪ್ರೊಯೇಟ್‌ಗಳಂಥ ಔಷಧಗಳು ಕೆಲವರಲ್ಲಿ ಬಣ್ಣಗಳ ಸೂಕ್ಷ್ಮ ವ್ಯತ್ಯಾಸ ಗುರುತಿಸುವ ಶಕ್ತಿಯನ್ನು ಕುಂದಿಸಬಲ್ಲವು. ಪೆಟ್ಟು ಬೀಳುವುದು ಹೆಚ್ಚಾಗಿ ನೀಲಿ-ಹಳದಿಯ ವಿವೇಚನೆಗೆ. ಆಗ ನೀಲಿಯೂ ಹಸಿರೂ ಬೇರೆಯಾಗಿ ತೋರುವುದು ಕಷ್ಟ. ವಿಗಾಬಟ್ರಿನ್ ಇನ್ನೂ ಕಠಿಣ: ಅಂಚಿನ ನೋಟವನ್ನೇ ಶಾಶ್ವತವಾಗಿ ಕಿರಿದುಗೊಳಿಸಬಹುದೆಂದು 1997ರಲ್ಲಿ ವರದಿಯಾಯಿತು. 2009ರಲ್ಲಿ ಅಮೆರಿಕ ಅದಕ್ಕೆ ಅನುಮತಿ ನೀಡಿದಾಗ ನಿಯತ ದೃಷ್ಟಿ ತಪಾಸಣೆಯ ಷರತ್ತನ್ನೂ ಸೇರಿಸಿತು.

ಚುಕ್ಕಿಗಳ ನಡುವಿನ ಅಂಕಿಯನ್ನು ಓದಿಸುವ ಪರೀಕ್ಷೆ ನಮಗೆಲ್ಲ ಪರಿಚಿತ. ಜಪಾನಿನ ಶಿನೊಬು ಇಶಿಹಾರ 1917ರಲ್ಲಿ ಪ್ರಕಟಿಸಿದ ಆ ಫಲಕಗಳು ಕೆಂಪು-ಹಸಿರಿನ ದೋಷವನ್ನು ಹಿಡಿಯಲೆಂದು ಹುಟ್ಟಿದವು. ನೀಲಿ-ಹಳದಿಯ ದೋಷ ಅವುಗಳ ಕಣ್ಣಿಗೆ ಬೀಳದು. ಅದಕ್ಕೆ ಬಣ್ಣದ ಬಿಲ್ಲೆಗಳನ್ನು ಸಾಲಾಗಿ ಜೋಡಿಸುವ ಫಾರ್ನ್ಸ್‌ವರ್ತ್ ಪರೀಕ್ಷೆಯಂಥದು ಬೇಕು.

ಇದನ್ನೋದಿ ಯಾರೂ ಮಾತ್ರೆ ನಿಲ್ಲಿಸಬಾರದು. ಹಠಾತ್ತನೆ ಬಿಟ್ಟರೆ ಸೆಳವು ಬಿಡದೆ ಮರುಕಳಿಸಿ ಪ್ರಾಣಕ್ಕೇ ಎರವಾಗಬಹುದು. ತಕ್ಕ ಚಿಕಿತ್ಸೆ ದೊರೆತರೆ 100ರಲ್ಲಿ 70 ಮಂದಿ ಸೆಳವಿಲ್ಲದೆ ಬಾಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಬಾಳಿನೆದುರು ಬಣ್ಣದ ನಷ್ಟ ಸಣ್ಣದು. ಆದರೆ ಸಣ್ಣದೆಂಬ ಕಾರಣಕ್ಕೆ ಅದನ್ನು ಕೇಳದೆಯೇ ಬಿಡುವುದು ನ್ಯಾಯವಲ್ಲ. ವೈದ್ಯರು "ಬಣ್ಣ ಹೇಗೆ ಕಾಣುತ್ತದೆ?" ಎಂದೊಮ್ಮೆ ವಿಚಾರಿಸಲಿ. ಪೋಷಕರು ಶಾಲೆಗೆ ತಿಳಿಸಲಿ. ಶಿಕ್ಷಕರು ಬಣ್ಣದ ಕಡ್ಡಿಗಳ ಮೇಲೆ ಹೆಸರು ಬರೆದುಕೊಡಲಿ. ಭೂಪಟದಲ್ಲಿ ಬಣ್ಣದ ಬದಲು ಗೆರೆ, ಚುಕ್ಕಿಗಳನ್ನೂ ಒಪ್ಪಲಿ. ಇದಕ್ಕೆ ಖರ್ಚೇನೂ ಇಲ್ಲ.

ಆ ಹುಡುಗನಿಗೆ ಮಾತ್ರೆಯೇ ಕಾರಣವಾಗಿತ್ತೆಂದು ತೀರ್ಪು ಕೊಡಲು ನಾನು ವೈದ್ಯನಲ್ಲ. ಅವನು ನಿಜವನ್ನೇ ನುಡಿದಿದ್ದ, ನಾನು ಕೇಳಿಸಿಕೊಳ್ಳಲಿಲ್ಲ. ಅಷ್ಟು ಮಾತ್ರ ಬಲ್ಲೆ. ಆ ವರ್ಷ ಉಳಿದ ಭೂಪಟಗಳಿಗೆ ಅವನು ಬಣ್ಣವನ್ನೇ ಹಚ್ಚಲಿಲ್ಲ. ಬರಿಯ ಪೆನ್ಸಿಲ್ ಗೆರೆಗಳು. ಅದಕ್ಕೂ ನಾನು ಅಂಕ ಕಳೆದಿದ್ದೆ.