ಕೊಳಗ ಯಾರ ಕೈಯಲ್ಲಿದೆ?

ಪೇಟೆಯ ಅಂಗಡಿಗಳ ಗಲ್ಲಾದ ಮೇಲೆ ಇಂದು ಒಂದು ಸಣ್ಣ ಪೆಟ್ಟಿಗೆ ಕುಳಿತಿದೆ. ಗಿರಾಕಿ ಹಣ ಕಳುಹಿಸಿದೊಡನೆ ಇಷ್ಟು ರೂಪಾಯಿ ಬಂತೆಂದು ಕೂಗುತ್ತದೆ. ಗಿರಣಿಗಳ ಯಂತ್ರಗಳಿಗೂ ಇಂಥ ಉಪಕರಣಗಳು ಅಂಟಿಕೊಳ್ಳುತ್ತಿವೆ. ಅವು ಕೂಗುವುದಿಲ್ಲ, ಸದ್ದಿಲ್ಲದೆ ಎಣಿಸುತ್ತವೆ. ವಸ್ತುಗಳೇ ಅಂತರ್ಜಾಲದಲ್ಲಿ ಸುದ್ದಿ ಕಳುಹಿಸುವ ಈ ಏರ್ಪಾಡಿಗೆ 'ಇಂಟರ್ನೆಟ್ ಆಫ್ ಥಿಂಗ್ಸ್' ಎಂದು 1999ರಲ್ಲಿ ಹೆಸರಿಟ್ಟವನು ಕೆವಿನ್ ಆಷ್ಟನ್. ಇದು ಎಂಜಿನಿಯರುಗಳ ವಿಷಯ, ನಮಗೇಕೆ ಎಂದು ಕೈಕಟ್ಟಿ ಕೂರುವ ಕಾಲ ಇದಲ್ಲ.

2008ರಲ್ಲಿ ಆಪಲ್ ಕಂಪನಿ ಆ್ಯಪುಗಳ ಮಳಿಗೆ ತೆರೆದಾಗ ಆ್ಯಪ್ ಎಂದರೆ ಬಹುಮಟ್ಟಿಗೆ ಮೊಬೈಲಿನೊಳಗಿನ ಸಲಕರಣೆ. ತೆರೆದರೆ ಕೆಲಸ, ಮುಚ್ಚಿದರೆ ವಿರಾಮ. ಈಗ ಅದನ್ನು ತಯಾರಿಸುವವರು ಮೂರು ಕಡೆಗೆ ಬರೆಯಬೇಕು: ವಸ್ತುವಿನೊಳಗೆ, ಕಂಪನಿಯ ಸರ್ವರಿನಲ್ಲಿ, ಮೊಬೈಲಿನಲ್ಲಿ. ವಸ್ತುವಿಗೆ ಶಕ್ತಿ ಕಡಿಮೆ, ಸಂಪರ್ಕ ಪದೇ ಪದೇ ಕಡಿಯುತ್ತದೆ. ಆದ್ದರಿಂದ ಸಂದೇಶ ಚುಟುಕಾಗಿರಬೇಕು. ತೈಲ ಕೊಳವೆಗಳ ಮೇಲೆ ಉಪಗ್ರಹದ ಮೂಲಕ ನಿಗಾ ಇಡಲು 1999ರಲ್ಲಿ ರೂಪಿಸಿದ ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿ ಇಂದು ಇಂಥ ಕೆಲಸಕ್ಕೆ ಬಳಕೆಯಲ್ಲಿದೆ. ನಮಗೆ ಮುಖ್ಯವಾದುದು ಇಷ್ಟು: ಲೆಕ್ಕದ ಪುಸ್ತಕ ಮೊಬೈಲಿನಲ್ಲಿ ಇಲ್ಲ, ಕಂಪನಿಯ ಸರ್ವರಿನಲ್ಲಿದೆ. ಮೊಬೈಲು ಬರಿಯ ಕಿಟಕಿ. ಆ ಕಿಟಕಿಯಲ್ಲಿ ಯಾರಿಗೆ ಎಷ್ಟು ಕಾಣಬೇಕೆಂಬುದನ್ನು ನಿರ್ಧರಿಸುವವನು ಒಡೆಯ.

ಯಂತ್ರವನ್ನು ದೂಷಿಸುವುದು ಸಮಾಜವಾದಿಯ ಕೆಲಸವಲ್ಲ. ಸುಳ್ಳು ಚಿತ್ರ ತೋರಿಸಿ ಸರಕು ಒಯ್ಯುವ ಮೋಸದಿಂದ ಅಂಗಡಿಕಾರನನ್ನು ಈ ಪೆಟ್ಟಿಗೆ ಉಳಿಸಿದೆ. ಆದರೆ ಅನೇಕ ಕಡೆ ಅದಕ್ಕೆ ತಿಂಗಳ ಬಾಡಿಗೆಯುಂಟು. ದಿನದ ವಹಿವಾಟು ನೋಡಿ ಸಾಲ ಕೊಡಿಸುವ ಕಂಪನಿಗಳುಂಟು. ಕಂತನ್ನು ಆಯಾ ದಿನದ ವ್ಯಾಪಾರದಿಂದಲೇ ಮುರಿದುಕೊಳ್ಳುವುದೂ ಉಂಟು. ವ್ಯಾಪಾರಿಯ ಲೆಕ್ಕ ವ್ಯಾಪಾರಿಗಿಂತ ಮೊದಲು ಪರರಿಗೆ ತಿಳಿಯುತ್ತದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಮೊತ್ತ ಹಿಡಿದು ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ನೋಟೀಸು ಕಳುಹಿಸಿದಾಗ ತರಕಾರಿ, ಹಾಲು ಮಾರುವವರೂ ಬೆಚ್ಚಿಬಿದ್ದರು. 'ನಗದು ಮಾತ್ರ' ಎಂಬ ಚೀಟಿಗಳು ಅಂಗಡಿಗಳ ಮುಂದೆ ತೂಗಿದವು. ವ್ಯಾಪಾರಿಗಳು ಒಟ್ಟಾಗಿ ನಿಂತ ಮೇಲೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಹೇಳಬೇಕಾಯಿತು.

ಕೊಂಡ ವಸ್ತುವಾದರೂ ನಮ್ಮದೇ? ಅಮೆರಿಕದಲ್ಲಿ ಮನೆಯ ದೀಪ, ಬೀಗಗಳನ್ನು ಆಳುವ ರಿವಾಲ್ವ್ ಎಂಬ ಯಂತ್ರವನ್ನು ಜನ ಸುಮಾರು 300 ಡಾಲರು ಕೊಟ್ಟು ಕೊಂಡಿದ್ದರು. ನೆಸ್ಟ್ ಕಂಪನಿ ಅದನ್ನು 2014ರಲ್ಲಿ ಖರೀದಿಸಿ, 2016ರಲ್ಲಿ ಸರ್ವರ್ ನಿಲ್ಲಿಸಿತು. ಕೆಡದ ಯಂತ್ರ ಒಂದೇ ದಿನದಲ್ಲಿ ಕಸವಾಯಿತು.

ಗಿರಣಿಯಲ್ಲಿ ಏನಾಗುತ್ತದೆ? ಮಗ್ಗ ಎಷ್ಟು ಸಲ ನಿಂತಿತು, ಎಷ್ಟು ಹೊತ್ತು ನಿಂತಿತು ಎಂಬುದು ಮ್ಯಾನೇಜರನ ಮೊಬೈಲಿಗೆ ಹೋಗುತ್ತದೆ. ನೂಲು ಕಳಪೆಯೇ, ಕರೆಂಟು ಹೋಯಿತೇ, ಕೈ ನೊಂದಿತೇ ಎಂಬುದನ್ನು ಯಂತ್ರ ತಾನಾಗಿ ಹೇಳದು. ಆ ಕಾರಣ ಬರೆಯುವ ಜಾಗ ಆ್ಯಪಿನಲ್ಲಿ ಇರಬೇಕೇ ಬೇಡವೇ ಎಂದು ತೀರ್ಮಾನಿಸುವವನು ಅದಕ್ಕೆ ಹಣ ಕೊಟ್ಟವನು. ಬರೆದ ಎಂಜಿನಿಯರನನ್ನು ಬೈದು ಫಲವಿಲ್ಲ, ಅವನೂ ಸಂಬಳದವನೇ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಏತಕ್ಕೆ? ಗೇಣಿ ಅಳೆಯುವ ಕೊಳಗ ಒಡೆಯನದಾಗಿತ್ತು; ಅದು ನ್ಯಾಯದ ಅಳತೆಗಿಂತ ದೊಡ್ಡದಾಗಿತ್ತು. ಬೆಳೆದವನು ಒಬ್ಬ, ಅಳೆಯುವವನು ಇನ್ನೊಬ್ಬ. ಇಂದಿನ ಸರ್ವರು ಆ ಕೊಳಗವೇ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಒಂದು: ಯಂತ್ರ ಎಣಿಸಿದ ಲೆಕ್ಕ ಮ್ಯಾನೇಜರನಿಗೆ ಕಾಣುವಷ್ಟೇ ಕಾರ್ಮಿಕನಿಗೂ ಅವನ ಸಂಘಕ್ಕೂ ಕಾಣಬೇಕು. ಎರಡು: ಆ ಲೆಕ್ಕವೊಂದನ್ನೇ ಹಿಡಿದು ಯಾರ ಕೂಲಿಯನ್ನೂ ಕತ್ತರಿಸಕೂಡದು. ಮೂರು: ಪೆಟ್ಟಿಗೆಯ ಬಾಡಿಗೆ, ಕರಾರು ಕನ್ನಡದಲ್ಲಿರಬೇಕು, ವ್ಯಾಪಾರಿಯ ಒಪ್ಪಿಗೆಯಿಲ್ಲದೆ ಅವನ ಲೆಕ್ಕ ಸಾಲದ ವ್ಯವಹಾರಕ್ಕೆ ಹೋಗಕೂಡದು. ನಾಲ್ಕು: ಮಾರಿದ ವಸ್ತುವಿನ ಸರ್ವರನ್ನು ಇಷ್ಟು ವರ್ಷ ನಡೆಸುವೆನೆಂದು ಕಂಪನಿ ಮೊದಲೇ ಬರೆದುಕೊಡಬೇಕು.

ಗಿರಣಿಯ ದ್ವಾರಸಭೆಗಳಲ್ಲಿ, ವರ್ತಕರ ಸಂಘಗಳಲ್ಲಿ ಈ ಮಾತು ಚರ್ಚೆಗೆ ಬರಲಿ. ಕಾರ್ಮಿಕನೂ ಸಣ್ಣ ವ್ಯಾಪಾರಿಯೂ ಒಂದೇ ಕೊಳಗದ ಮುಂದೆ ನಿಂತಿದ್ದಾರೆ. ಒಟ್ಟಿಗೆ ಕೇಳಿದರೆ ಮಾತ್ರ ಅಳತೆ ಸರಿಯಾದೀತು.