ಗೇರ್ ಪಕ್ಕದ ಗುಂಡಿಗಳು



ಗುಂಡಿ ಎಂದ ಕೂಡಲೇ ಮಳೆಗಾಲದ ರಸ್ತೆ ನೆನಪಾದರೆ ತಪ್ಪು ನಿಮ್ಮದಲ್ಲ! ಆದರೆ ಈ ವಾರ ನಾನು ಹೇಳುವುದು ಬೀಳುವ ಗುಂಡಿಯ ವಿಷಯವಲ್ಲ, ಒತ್ತುವ ಗುಂಡಿಯ ವಿಷಯ.

ನಾನಿರುವ ಆಕ್ಲೆಂಡ್‌ನಲ್ಲಿ ಓಡಾಡುವ ಕಾರುಗಳಲ್ಲಿ ಬಹಳಷ್ಟು ಜಪಾನಿನಲ್ಲಿ ಕೆಲವು ವರ್ಷ ಓಡಿ, ಆಮೇಲೆ ಹಡಗು ಹತ್ತಿ ಬಂದವು. ನ್ಯೂಜಿಲೆಂಡಿನಲ್ಲಿ ಕಾರು ಜೋಡಿಸುವ ಕಾರ್ಖಾನೆಗಳು 1998ರಲ್ಲೇ ಮುಚ್ಚಿಹೋದವು. ಜಪಾನಿನಲ್ಲೂ ನಮ್ಮಂತೆಯೇ ರಸ್ತೆಯ ಎಡಗಡೆ ಗಾಡಿ ಓಡಿಸುತ್ತಾರೆ. ಸ್ಟೀರಿಂಗ್ ಬಲಗಡೆ ಇರುತ್ತದೆ. ಹಾಗಾಗಿ ಅಲ್ಲಿಯ ಹಳೆಯ ಕಾರು ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಕಾರಿನ ಜೊತೆ ಸ್ವಲ್ಪ ಜಪಾನೂ ಬರುತ್ತದೆ. ಜಪಾನಿನ ಹಳೆಯ ಕಾರಿನ ರೇಡಿಯೋ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ ಕೇಳುತ್ತದೆ. ಇಲ್ಲಿಯ ಎಫ್‌ಎಂ ಶುರುವಾಗುವುದೇ 88ರ ಹತ್ತಿರ. ಕೆಲವು ಕಾರುಗಳಲ್ಲಿ ಕೀಲಿ ತಿರುಗಿಸಿದೊಡನೆ ಒಂದು ಹೆಣ್ಣು ದನಿ ಜಪಾನಿ ಭಾಷೆಯಲ್ಲಿ ಏನೋ ಹೇಳುತ್ತದೆ. ಅದು ಟೋಲ್ ಕಟ್ಟುವ ಯಂತ್ರ. ಕಾರ್ಡ್ ಹಾಕಿಲ್ಲ ಎಂದು ನೆನಪಿಸುತ್ತದೆ, ಅಷ್ಟೇ. ಕಾರಿನ ಕೈಪಿಡಿ ಸಿಕ್ಕರೂ ಜಪಾನಿಯಲ್ಲೇ ಇರುತ್ತದೆ. ಆಗ ಗೇರ್ ಪಕ್ಕದ ಪುಟ್ಟ ಗುಂಡಿಗಳನ್ನು ಯಾರೂ ಮುಟ್ಟುವುದೇ ಇಲ್ಲ.

ನಮ್ಮ ಬೀದಿಗೆ ಶಿವಮೊಗ್ಗದ ಕಡೆಯಿಂದ ಒಂದು ಕುಟುಂಬ ಬಂದಿದೆ. ಕಳೆದ ಚಳಿಗಾಲದಲ್ಲಿ ಅವರು ಮಕ್ಕಳಿಗೆ ಹಿಮ ತೋರಿಸಲೆಂದು ರುಆಪೆಹು ಬೆಟ್ಟಕ್ಕೆ ಹೋಗಿದ್ದರು. 2797 ಮೀಟರ್ ಎತ್ತರದ ಈ ಜ್ವಾಲಾಮುಖಿ ಈ ದೇಶದ ಉತ್ತರ ದ್ವೀಪದಲ್ಲೇ ಎತ್ತರದ ಬೆಟ್ಟ. ಹಿಮದ ಮೈದಾನದ ತನಕ ಕಾರು ಹೋಗುತ್ತದೆ, ಆದರೆ ವಾಪಸ್ ಬರುವಾಗ ದಾರಿಯುದ್ದಕ್ಕೂ ಇಳಿಜಾರು. ಅರ್ಧ ಇಳಿಯುವಷ್ಟರಲ್ಲಿ ಚಕ್ರದ ಕಡೆಯಿಂದ ಸುಟ್ಟ ವಾಸನೆ ಬಂತಂತೆ. ಬ್ರೇಕ್ ಪೆಡಲ್ ಒತ್ತಿದರೂ ಗಾಡಿ ಮೊದಲಿನಂತೆ ಹಿಡಿಯುತ್ತಿರಲಿಲ್ಲವಂತೆ. ಪುಣ್ಯಕ್ಕೆ ಪಕ್ಕದಲ್ಲಿ ಜಾಗ ಸಿಕ್ಕಿತು; ನಿಲ್ಲಿಸಿ, ಬಹಳ ಹೊತ್ತು ಕಾದು, ನಿಧಾನವಾಗಿ ಇಳಿದರು.

“ಅಕ್ಕಾ, ಆಗುಂಬೆ ಘಾಟಿಯಲ್ಲಿ ಎಷ್ಟು ಸಲ ಇಳಿದಿದ್ದೇನೆ, ಒಂದು ದಿನವೂ ಹೀಗಾಗಿಲ್ಲ” ಎಂದರು ಅವರು.

“ಅಲ್ಲಿ ಯಾವ ಗೇರಿನಲ್ಲಿ ಇಳಿಯುತ್ತಿದ್ದಿರಿ?”

“ಸೆಕೆಂಡ್‌ನಲ್ಲಿ. ಹತ್ತುವ ಗೇರಿನಲ್ಲೇ ಇಳಿಯಬೇಕು ಅಂತ ನಮ್ಮಪ್ಪ ಹೇಳಿಕೊಟ್ಟಿದ್ದರು. ಆದರೆ ಇದು ಆಟೋಮ್ಯಾಟಿಕ್ ಅಲ್ವಾ? ಎಲ್ಲಾ ಅದೇ ನೋಡಿಕೊಳ್ಳುತ್ತೆ ಅಂದುಕೊಂಡೆ.”

ಏಳನೇ ತರಗತಿಯ ಅವರ ಮಗಳು ನಡುವೆ ಬಾಯಿ ಹಾಕಿದಳು: “ಆಂಟಿ, ಹಾಗಾದರೆ ಆ ಗುಂಡಿಗಳು ಇರೋದು ಯಾಕೆ?”

ಒಳ್ಳೆಯ ಪ್ರಶ್ನೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಗೇರ್ ಎಂದರೇನು ನೋಡೋಣ. ಗೇರ್ ಇರುವ ಸೈಕಲ್ ತುಳಿದಿದ್ದರೆ ನಿಮಗೆ ಗೊತ್ತೇ ಇದೆ. ಏರಿನಲ್ಲಿ ಕಾಲು ಬೇಗ ಬೇಗ ತಿರುಗಿದರೂ ಚಕ್ರ ನಿಧಾನ, ಆದರೆ ಬಲ ಹೆಚ್ಚು. ಸಮತಟ್ಟಿನಲ್ಲಿ ಕಾಲು ನಿಧಾನ, ಚಕ್ರ ವೇಗ. ಕಾರಿನಲ್ಲೂ ಹೀಗೇ. ನಾಲ್ಕು ಗೇರಿನ ಹಳೆಯ ಆಟೋಮ್ಯಾಟಿಕ್ ಗಾಡಿಯ ಮೊದಲ ಗೇರಿನಲ್ಲಿ ಎಂಜಿನ್ ಸುಮಾರು 2.8 ಸುತ್ತು ತಿರುಗಿದರೆ ಗೇರ್‌ಬಾಕ್ಸಿನಿಂದ ಹೊರಬರುವುದು ಒಂದೇ ಸುತ್ತು. ಎರಡನೆಯದರಲ್ಲಿ ಸುಮಾರು 1.5ಕ್ಕೆ ಒಂದು. ಮೂರನೆಯದರಲ್ಲಿ ಒಂದಕ್ಕೆ ಒಂದು. ನಾಲ್ಕನೆಯದರಲ್ಲಿ ಲೆಕ್ಕವೇ ತಿರುಗುಮುರುಗು: ಎಂಜಿನ್ 100 ಸುತ್ತು ತಿರುಗಿದರೆ ಹೊರಗೆ ಸುಮಾರು 140 ಸುತ್ತು. ಈ ನಾಲ್ಕನೆಯದಕ್ಕೇ ಓವರ್‌ಡ್ರೈವ್ ಎಂದು ಹೆಸರು. ಹೆದ್ದಾರಿಯಲ್ಲಿ ಪೆಟ್ರೋಲ್ ಉಳಿಸುವ ಗೇರ್ ಅದು.

ಈಗ ಗುಂಡಿಗಳಿಗೆ ಬರೋಣ.

ಮೊದಲನೆಯದು ‘ಓ/ಡಿ’. ಸಾಮಾನ್ಯವಾಗಿ ಗೇರ್ ಹಿಡಿಯ ಬದಿಯಲ್ಲೇ ಇರುತ್ತದೆ. ಒತ್ತಿದರೆ ಮುಂದಿನ ಫಲಕದಲ್ಲಿ ‘ಓ/ಡಿ ಆಫ್’ ಎಂಬ ದೀಪ ಹತ್ತುತ್ತದೆ. ಇಲ್ಲೇ ಎಲ್ಲರೂ ಗಲಿಬಿಲಿಯಾಗುವುದು! ದೀಪ ಹತ್ತಿದರೆ ಓವರ್‌ಡ್ರೈವ್ ಆರಿದೆ ಎಂದರ್ಥ. ಆಗ ಗಾಡಿ ನಾಲ್ಕನೇ ಗೇರಿಗೆ ಹೋಗುವುದಿಲ್ಲ, ಮೂರರಲ್ಲೇ ನಿಲ್ಲುತ್ತದೆ. ಇಳಿಜಾರಿನಲ್ಲಿ ಬೇಕಾದದ್ದು ಇದೇ. ಕೆಳಗಿನ ಗೇರಿನಲ್ಲಿರುವಾಗ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ. ಬ್ರೇಕಿನ ಮೇಲೆ ಹೊರೆ ಕಡಿಮೆ. ಇಳಿಜಾರು ಇನ್ನೂ ಕಡಿದಾಗಿದ್ದರೆ, ವೇಗ ತಗ್ಗಿಸಿಕೊಂಡು ಗೇರ್ ಹಿಡಿಯನ್ನು ‘2’ಕ್ಕೆ, ಬೇಕಾದರೆ ‘ಎಲ್’ಗೆ ತರಬೇಕು. ಬರೀ ಬ್ರೇಕನ್ನೇ ಒತ್ತುತ್ತಾ ಇಳಿದರೆ ಅದು ಕಾದು ಕೆಂಡವಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಪಕ್ಕದ ಮನೆಯವರ ಗಾಡಿಗೆ ಆದದ್ದು ಇದೇ.

ಇನ್ನೊಂದು ಮಾತು. ಆ ದೀಪ ತಾನಾಗಿಯೇ ಮಿಣಿಮಿಣಿ ಎನ್ನುತ್ತಿದ್ದರೆ ಹಲವು ಗಾಡಿಗಳಲ್ಲಿ ಅದು ಗೇರ್‌ಬಾಕ್ಸಿಗೆ ತೊಂದರೆಯಾಗಿದೆ ಎಂಬ ಸೂಚನೆ. ಆಗ ಮೆಕ್ಯಾನಿಕ್ ಹತ್ತಿರ ಹೋಗುವುದೇ ಸರಿ.

ಎರಡನೆಯದು ‘ಪವರ್’. ಟೊಯೋಟಾ ಕಾರುಗಳಲ್ಲಿ ‘ಪಿಡಬ್ಲ್ಯುಆರ್’ ಎಂದು ಮೂರೇ ಅಕ್ಷರ ಇರುತ್ತದೆ. ಇದನ್ನು ಒತ್ತಿದರೆ ಎಂಜಿನ್ನಿಗೆ ಹೊಸ ಶಕ್ತಿಯೇನೂ ಬರುವುದಿಲ್ಲ. ಮೇಲಿನ ಗೇರಿಗೆ ಹೋಗುವುದನ್ನು ಗಾಡಿ ಸ್ವಲ್ಪ ತಡಮಾಡುತ್ತದೆ, ಅಷ್ಟೇ. ಇರುವ ಬಲ ಏರು ಹತ್ತುವಾಗ, ತುಂಬಿದ ಗಾಡಿ ಎಳೆಯುವಾಗ ಚೆನ್ನಾಗಿ ಸಿಗುತ್ತದೆ. ಪೆಟ್ರೋಲ್ ಮಾತ್ರ ಹೆಚ್ಚು ಕುಡಿಯುತ್ತದೆ. ಕೆಲಸ ಮುಗಿದ ಮೇಲೆ ಆರಿಸಬೇಕು.

ಮೂರನೆಯದು ‘ಸ್ನೋ’, ಅಂದರೆ ಹಿಮ. ಜಪಾನಿನ ಹೊಕ್ಕೈದೋ, ನೀಗಾತಾ ಕಡೆ ಚಳಿಗಾಲದಲ್ಲಿ ಹಿಮ ರಾಶಿ ರಾಶಿ ಬೀಳುತ್ತದೆ. ಹಿಮದ ಮೇಲೆ ಮೊದಲ ಗೇರಿನಲ್ಲಿ ಹೊರಟರೆ ಬಲ ಹೆಚ್ಚಾಗಿ ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತದೆ. ಈ ಗುಂಡಿ ಒತ್ತಿದರೆ ಗಾಡಿ ಎರಡನೇ ಗೇರಿನಲ್ಲೇ ಹೊರಡುತ್ತದೆ. ಮೇಲೆ ಹೇಳಿದ 2.8 ಮತ್ತು 1.5 ನೋಡಿ: ಚಕ್ರಕ್ಕೆ ಹೋಗುವ ಬಲ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಜಾರುವುದು ತಪ್ಪುತ್ತದೆ. ಜಾರುವ ಕೆಸರಿನಿಂದ ಹೊರಡುವಾಗಲೂ ಇದೇ ಉಪಾಯ. ಆದರೆ ಇದು ಹೊರಡಲು ಮಾತ್ರ ಸಹಾಯ. ಹಿಮದಲ್ಲಿ ನಿಲ್ಲಿಸುವುದಕ್ಕೆ ಒಳ್ಳೆಯ ಟೈರ್, ಬೇಕಾದಲ್ಲಿ ಸರಪಳಿ, ಎಲ್ಲಕ್ಕಿಂತ ಹೆಚ್ಚಾಗಿ ನಿಧಾನ ಬೇಕು.

ಎಲ್ಲ ಕಂಪನಿಯ ಗುಂಡಿಯೂ ಒಂದೇ ಅಲ್ಲ. ಕೆಲವು ಮಜ್ದಾ ಕಾರುಗಳಲ್ಲಿ ‘ಹೋಲ್ಡ್’ ಎಂದಿರುತ್ತದೆ. ಗೇರ್ ಬದಲಾಗದಂತೆ ಹಿಡಿದಿಡುವುದು ಅದರ ಕೆಲಸ. ‘ಪಿ’ ಅಕ್ಷರದ ಹತ್ತಿರ ‘ಶಿಫ್ಟ್ ಲಾಕ್’ ಎಂಬ ಇನ್ನೊಂದು ಪುಟಾಣಿ ಗುಂಡಿ ಇರಬಹುದು. ಬ್ಯಾಟರಿ ಸತ್ತು ಗೇರ್ ‘ಪಿ’ಯಿಂದ ಕದಲದಿದ್ದಾಗ ಅದನ್ನು ಒತ್ತಿ ಗೇರ್ ಬಿಡಿಸಿಕೊಳ್ಳಬಹುದು. ಆ ಗುಂಡಿ ದೊಡ್ಡವರಿಗೆ ಮಾತ್ರ. ನಿಂತ ಗಾಡಿ ಉರುಳಿದರೆ ತಡೆಯುವವರು ಯಾರು?

ಅಪ್ಪ ಅಮ್ಮಂದಿರಿಗೆ ಒಂದು ಕಿವಿಮಾತು: ಪೆಟ್ರೋಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ‘ಎನ್’ಗೆ ಹಾಕಬೇಡಿ. ಎಂಜಿನ್ನಿನ ಹಿಡಿತವೇ ತಪ್ಪಿಹೋಗುತ್ತದೆ. ಗಾಡಿ ಪೂರ್ತಿ ನಿಲ್ಲದೆ ‘ಆರ್’ಗಾಗಲಿ ‘ಪಿ’ಗಾಗಲಿ ಹಾಕಲೂಬೇಡಿ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ಗೇರ್ ಸೈಕಲ್ ಸಿಕ್ಕರೆ ಸಮತಟ್ಟು ಮೈದಾನದಲ್ಲಿ ಮೊದಲು ಹಗುರ ಗೇರಿನಲ್ಲಿ, ಆಮೇಲೆ ಬಿಗಿ ಗೇರಿನಲ್ಲಿ ಹೊರಟು ನೋಡಿ. ಯಾವುದರಲ್ಲಿ ಕಾಲಿಗೆ ಸುಲಭ, ಯಾವುದರಲ್ಲಿ ಚಕ್ರ ಒಂದು ತುಳಿತಕ್ಕೆ ಹೆಚ್ಚು ದೂರ ಹೋಗುತ್ತದೆ? ಅಂಕಣಕ್ಕೆ ಬರೆದು ತಿಳಿಸಿ.