ವಿಮೆ ಮಾರುವವರಿಗೂ ವಾರ್ಷಿಕ ಪರೀಕ್ಷೆ!

ಅಮೆರಿಕದಲ್ಲಿ ಬೇಸಿಗೆ ಬಂತೆಂದರೆ ಆರೋಗ್ಯ ವಿಮೆಯ ಏಜೆಂಟರು ಓದಲು ಕೂರುತ್ತಾರೆ. ಇಪ್ಪತ್ತು ವರ್ಷದ ಅನುಭವ ಇರುವವರಿಗೂ ಹೋದ ತಿಂಗಳು ಲೈಸೆನ್ಸ್ ಪಡೆದವರಿಗೂ ಇದರಲ್ಲಿ ಭೇದವಿಲ್ಲ. ಮೆಡಿಕೇರ್‌ಗೆ ಸೇರಿದ ಖಾಸಗಿ ಯೋಜನೆಗಳನ್ನು ಮಾರಬೇಕಾದರೆ ಪ್ರತಿ ವರ್ಷ ತರಬೇತಿ ಮುಗಿಸಿ ಪರೀಕ್ಷೆ ಪಾಸಾಗಬೇಕು. ಸರ್ಕಾರ ಗೊತ್ತುಪಡಿಸಿದ ಕನಿಷ್ಠ ಅಂಕ ನೂರಕ್ಕೆ 85. ಅನೇಕ ಕಂಪೆನಿಗಳು ಒಪ್ಪುವ ಎ.ಎಚ್.ಐ.ಪಿ. ಸಂಸ್ಥೆಯ ಪರೀಕ್ಷೆಯಲ್ಲಂತೂ 50 ಪ್ರಶ್ನೆಗಳಿಗೆ ನೂರಕ್ಕೆ 90ರಂತೆ ಅಂಕ ಬರಬೇಕು. ಇರುವುದು ಮೂರೇ ಅವಕಾಶ. ಮೂವತ್ತೈದು ಬಂದರೆ ಸಾಕೆಂದು ದೇವರಿಗೆ ಹರಕೆ ಹೊತ್ತು ಪಾಸಾದವರಿಗೆ ಇದು ಸ್ವಲ್ಪ ಅತಿಯಾಯಿತೆನಿಸಬಹುದು.

ಆದರೆ ವಿಷಯ ಹಾಗಿದೆ. 65 ವರ್ಷ ದಾಟಿದವರಿಗಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಜುಲೈ 30ರಂದು ಸಹಿ ಹಾಕಿದ ಮೆಡಿಕೇರ್ ಕಾನೂನು ಮೊದಲಿಗೆ ಸರಳವಾಗಿಯೇ ಇತ್ತು. 'ಎ' ಭಾಗ ಆಸ್ಪತ್ರೆಗೆ, 'ಬಿ' ಭಾಗ ವೈದ್ಯರ ಶುಲ್ಕಕ್ಕೆ. ಆಮೇಲೆ ಖಾಸಗಿ ಕಂಪೆನಿಗಳು ನಡೆಸುವ 'ಸಿ' ಭಾಗ, ಅಂದರೆ ಈಗಿನ ಮೆಡಿಕೇರ್ ಅಡ್ವಾಂಟೇಜ್, ಬಂತು. 2006ರಲ್ಲಿ ಔಷಧಿಗಳ 'ಡಿ' ಭಾಗ ಜಾರಿಯಾಯಿತು. ಸರ್ಕಾರ ಕೊಡದೆ ಉಳಿಸುವ ಖರ್ಚನ್ನು ತುಂಬಿಕೊಡುವ 'ಮೆಡಿಗ್ಯಾಪ್' ಪಾಲಿಸಿ ಬೇರೆಯೇ ಇದೆ. ಇವುಗಳಲ್ಲಿ ಯಾವುದರ ಜೊತೆ ಯಾವುದು ಹೊಂದುತ್ತದೆ ಎಂಬುದು ವಿದ್ಯಾವಂತರಿಗೂ ಗೊಂದಲ.

ಈ ಗೊಂದಲವೇ ಕೆಲವರಿಗೆ ಬಂಡವಾಳವಾಯಿತು. ಮನೆಬಾಗಿಲಿಗೆ ಹೋಗಿ, ಊಟ ಹಾಕಿಸಿ, ವೃದ್ಧರಿಂದ ಸಹಿ ಮಾಡಿಸಿಕೊಂಡ ದೂರುಗಳು ಹೆಚ್ಚಿದಾಗ 2008ರಲ್ಲಿ ಹೊಸ ಕಾನೂನು ಬಂತು. ಕರೆಯದೆ ಮನೆಗೆ ಹೋಗುವಂತಿಲ್ಲ, ಕೇಳದೆ ಫೋನ್ ಮಾಡುವಂತಿಲ್ಲ, ಊಟ ಹಾಕಿಸುವಂತಿಲ್ಲ. ವರ್ಷಕ್ಕೊಮ್ಮೆ ತರಬೇತಿ, ಪರೀಕ್ಷೆ ಎಂಬ ನಿಯಮಕ್ಕೂ ಬಲ ಬಂದದ್ದು ಆಗಲೇ.

ತರಬೇತಿಯಲ್ಲಿ ಕಲಿಸುವ ಒಂದು ಲೆಕ್ಕ ನೋಡಿ. ಒಬ್ಬರು 67ನೇ ವಯಸ್ಸಿನವರೆಗೆ ದೊಡ್ಡ ಕಂಪೆನಿಯೊಂದರಲ್ಲಿ ದುಡಿದು ಜೂನ್ ಕೊನೆಗೆ ನಿವೃತ್ತರಾದರು. ಕೆಲಸ ಬಿಟ್ಟ ಮೇಲೂ ಕಂಪೆನಿಯ ವಿಮೆಯನ್ನು ಸ್ವಂತ ಹಣದಿಂದ 18 ತಿಂಗಳು ಮುಂದುವರಿಸಲು 'ಕೋಬ್ರಾ' ಎಂಬ ಕಾನೂನಿನಲ್ಲಿ ಅವಕಾಶವಿದೆ. (ಹಾವಿಗೂ ಇದಕ್ಕೂ ಸಂಬಂಧವಿಲ್ಲ, ಕಾನೂನಿನ ಹೆಸರಿನ ಮೊದಲಕ್ಷರಗಳು ಹಾಗೆ ಕೂಡಿವೆ.) ವಿಮೆ ಇದೆಯಲ್ಲ ಎಂದು ಅವರು 'ಬಿ' ಭಾಗಕ್ಕೆ ಸೇರಲಿಲ್ಲ. ಆದರೆ ಮೆಡಿಕೇರ್‌ನ ಕಣ್ಣಿನಲ್ಲಿ ಕೋಬ್ರಾ ಉದ್ಯೋಗದ ವಿಮೆಯಲ್ಲ. ಕೆಲಸ ಬಿಟ್ಟ ಎಂಟು ತಿಂಗಳೊಳಗೆ ಸೇರಬೇಕಿತ್ತು. ಕೋಬ್ರಾ ಮುಗಿದು ಮುಂದಿನ ಜನವರಿಯಲ್ಲಿ ಅರ್ಜಿ ಹಾಕುವ ಹೊತ್ತಿಗೆ ಪೂರ್ತಿ ಒಂದು ವರ್ಷ ತಡವಾಗಿದೆ. ಉಳಿದ ತಿಂಗಳುಗಳು ಲೆಕ್ಕಕ್ಕಿಲ್ಲ. ದಂಡ ಶೇಕಡ 10. 2025ರ ಕಂತು ತಿಂಗಳಿಗೆ 185 ಡಾಲರ್. ಅದರ ಮೇಲೆ ಹದಿನೆಂಟೂವರೆ ಡಾಲರ್. ದೊಡ್ಡ ಮೊತ್ತವೇನಲ್ಲ. ಆದರೆ ಸಾಮಾನ್ಯವಾಗಿ ಇದು ಬದುಕಿರುವವರೆಗೆ ತೆರಬೇಕಾದ ದಂಡ. ಕಂತು ಏರಿದಂತೆ ದಂಡವೂ ಏರುತ್ತದೆ.

ಇದಕ್ಕಿಂತ ಕಠಿಣವಾದದ್ದು ಮೆಡಿಗ್ಯಾಪ್‌ನದು. 65 ತುಂಬಿ 'ಬಿ' ಭಾಗಕ್ಕೆ ಸೇರಿದ ಮೊದಲ ಆರು ತಿಂಗಳು ಯಾವ ಕಂಪೆನಿಯೂ ಸಕ್ಕರೆ ಕಾಯಿಲೆ, ಹೃದ್ರೋಗ ಎಂದು ನೆಪ ಹೇಳಿ ಈ ಪಾಲಿಸಿ ನಿರಾಕರಿಸುವಂತಿಲ್ಲ. ಅವಧಿ ಮುಗಿದ ಮೇಲೆ ಬಹುತೇಕ ರಾಜ್ಯಗಳಲ್ಲಿ ಕಂಪೆನಿ ಆರೋಗ್ಯ ವಿಚಾರಿಸಿ 'ಇಲ್ಲ' ಎನ್ನಬಹುದು. ಅಡ್ವಾಂಟೇಜ್ ಯೋಜನೆಯಲ್ಲಿ ಕಂತು ಕಡಿಮೆ, ಹಲ್ಲು-ಕನ್ನಡಕದ ಸೌಲಭ್ಯ, ವರ್ಷದ ಖರ್ಚಿಗೊಂದು ಮಿತಿ. ಮೆಡಿಕೇರ್ ಪಡೆಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದರಲ್ಲಿರುವುದು ಆಶ್ಚರ್ಯವಲ್ಲ. ಆದರೆ ಪಟ್ಟಿಯಲ್ಲಿರುವ ವೈದ್ಯರಲ್ಲಿಗೇ ಹೋಗಬೇಕು, ಇಲ್ಲವೇ ಹೆಚ್ಚು ತೆರಬೇಕು. ಅನೇಕ ಚಿಕಿತ್ಸೆಗಳಿಗೆ ಕಂಪೆನಿಯ ಪೂರ್ವಾನುಮತಿ ಬೇಕು. ಮೊದಲ ಸಲ ಸೇರಿದವರಿಗೆ ಒಂದು ವರ್ಷ ಮರಳುವ ಅವಕಾಶವಿದೆ. ಐದು ವರ್ಷದ ನಂತರ ಕ್ಯಾನ್ಸರ್ ಬಂದು, ದೂರದ ದೊಡ್ಡ ಆಸ್ಪತ್ರೆಗೆ ಹೋಗಬೇಕೆನಿಸಿದಾಗ ಹಳೆಯ ಮೆಡಿಕೇರ್‌ಗೆ ಹಿಂತಿರುಗಬಹುದು, ಮೆಡಿಗ್ಯಾಪ್ ಮಾತ್ರ ಸಿಗದೇ ಹೋಗಬಹುದು. ಆಗ ವೈದ್ಯರ ಬಿಲ್ಲಿನ ಶೇಕಡ 20 ಪಾಲು, ಮೇಲ್ಮಿತಿಯೇ ಇಲ್ಲದೆ, ರೋಗಿಯ ತಲೆಯ ಮೇಲೆ. ಸಹಿ ಹಾಕುವ ದಿನ ಏಜೆಂಟ್ ಇದನ್ನು ಹೇಳಿದ್ದನೇ ಎಂಬುದಷ್ಟೇ ಪ್ರಶ್ನೆ.

ಪ್ರತಿ ವರ್ಷ ಓದುವುದೇಕೆಂದರೆ ಅಂಕಿಗಳು ಹಾಗೆ ಬದಲಾಗುತ್ತವೆ. 2022ರ ಕಾನೂನಿನಂತೆ 2025ರಿಂದ 'ಡಿ' ಭಾಗದಲ್ಲಿ ಔಷಧಿಗೆ ಕೈಯಿಂದ ಹಾಕುವ ಹಣಕ್ಕೆ 2,000 ಡಾಲರ್ ಮಿತಿ ಬಂತು. 2026ಕ್ಕೆ ಅದು 2,100. ಹೋದ ವರ್ಷದ ಟಿಪ್ಪಣಿ ನಂಬಿ ಕೂತವನು ತಪ್ಪು ಹೇಳುತ್ತಾನೆ.

ಪರೀಕ್ಷೆಗೆ ಸಿಗದ ವಿಷಯವೂ ಒಂದಿದೆ. ಏಜೆಂಟನಿಗೆ ಹಣ ಕೊಡುವುದು ವಿಮಾ ಕಂಪೆನಿ. 2025ರಲ್ಲಿ ಬಹುತೇಕ ರಾಜ್ಯಗಳಲ್ಲಿ ಅಡ್ವಾಂಟೇಜ್‌ನ ಹೊಸ ಸೇರ್ಪಡೆಗೆ ಕಮಿಷನ್ನಿನ ಗರಿಷ್ಠ ಮಿತಿ 626 ಡಾಲರ್. 'ನಿಮಗೀಗ ಇರುವುದೇ ಸರಿಯಾಗಿದೆ, ಬದಲಾಯಿಸಬೇಡಿ' ಎಂದು ಪ್ರಾಮಾಣಿಕವಾಗಿ ಹೇಳಿದವನಿಗೆ ಹೊಸ ಕಮಿಷನ್ ಇಲ್ಲ. ನೂರಕ್ಕೆ ನೂರು ಅಂಕ ಪಡೆದವನೂ ಈ ತಕ್ಕಡಿಯ ಮುಂದೆಯೇ ನಿಂತಿರುತ್ತಾನೆ. ಆದ್ದರಿಂದಲೇ 1990ರ ಕಾನೂನಿನಿಂದ ಹುಟ್ಟಿದ 'ಶಿಪ್' ಎಂಬ ಸಲಹಾ ಕೇಂದ್ರಗಳು ಹೆಚ್ಚು ಭರವಸೆಗೆ ಅರ್ಹ. ಪ್ರತಿ ರಾಜ್ಯದಲ್ಲೂ ಇರುವ ಅಲ್ಲಿನ ಸಲಹೆಗಾರರು ಏನನ್ನೂ ಮಾರುವುದಿಲ್ಲ, ಶುಲ್ಕವನ್ನೂ ಪಡೆಯುವುದಿಲ್ಲ.

ಗ್ರೀನ್ ಕಾರ್ಡ್ ಪಡೆದು ಮಕ್ಕಳೊಡನೆ ನೆಲೆಸಿದ ಕನ್ನಡದ ತಂದೆತಾಯಿಯರಿಗೂ ಅಂಥ ಸಲಹೆ ಬೇಕಾಗುತ್ತದೆ. ಮಗ ಎಷ್ಟೇ ವರ್ಷ ತೆರಿಗೆ ಕಟ್ಟಿರಲಿ, ಅದು ಅವರ ಲೆಕ್ಕಕ್ಕೆ ಬಾರದು. ಸ್ವತಃ ಅಥವಾ ಗಂಡ-ಹೆಂಡಿರಲ್ಲಿ ಒಬ್ಬರು ಅಲ್ಲಿ ಹತ್ತು ವರ್ಷ ದುಡಿದಿರದಿದ್ದರೆ, ಐದು ವರ್ಷ ಸತತವಾಗಿ ವಾಸವಿದ್ದ ಮೇಲಷ್ಟೇ ಮೆಡಿಕೇರ್ ಕೊಳ್ಳಬಹುದು. ಏನೂ ದುಡಿದಿಲ್ಲದವರಿಗೆ 2025ರಲ್ಲಿ 'ಎ' ಭಾಗಕ್ಕೇ ತಿಂಗಳಿಗೆ 518 ಡಾಲರ್, 'ಬಿ' ಭಾಗದ ಕಂತು ಬೇರೆ. ಇಷ್ಟು ಕಟ್ಟಿ, ಮೊಮ್ಮಗಳ ಮದುವೆಗೆಂದು ಊರಿಗೆ ಬಂದಾಗ ಮೈಸೂರಿನಲ್ಲಿ ಆಸ್ಪತ್ರೆ ಸೇರಿದರೆ, ಆ ಬಿಲ್ಲನ್ನು ಮೆಡಿಕೇರ್ ಕೊಡುವುದಿಲ್ಲ.